ಹೊಸ ದೇಶದ ಕಚೇರಿ, ಆಸ್ಪತ್ರೆ, ಶಾಲೆಗಳಲ್ಲಿ ಭಾಷೆ ಬಾರದಿದ್ದಾಗ: ದುಭಾಷಿ ಕೇಳುವುದರಿಂದ ದೂರು ಕೊಡುವವರೆಗೆ

ವಲಸೆ ಹೋದ ಊರಿನ ಭಾಷೆ ಬಾರದಿದ್ದರೆ ಕಷ್ಟ ಶುರುವಾಗುವುದು ಕೌಂಟರಿನ ಮುಂದೆ ನಿಂತಾಗ ಎಂದು ಬಹಳ ಜನ ತಿಳಿದಿದ್ದಾರೆ. ಅಷ್ಟು ಹೊತ್ತಿಗೆ ಅರ್ಧ ಕೆಲಸ ಕೆಟ್ಟಿರುತ್ತದೆ. ಅಪಾಯಿಂಟ್‌ಮೆಂಟ್ ಗೊತ್ತುಮಾಡುವಾಗ ಭಾಷೆಯ ಹೆಸರು ಬರೆಸಿರುವುದಿಲ್ಲ. ವಾರಗಳ ಹಿಂದೆ ಬಂದ ಪತ್ರವನ್ನು ಒಡೆದಿರುವುದಿಲ್ಲ. "ಒಂದು ಒತ್ತಿ, ಎರಡು ಒತ್ತಿ" ಎನ್ನುವ ಫೋನ್ ಮೆನುವಿನಲ್ಲೇ ಕರೆ ಕಡಿದುಹೋಗಿರುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಕಚೇರಿಗೆ ಹೋಗುವ ಮುಂಚೆ ಮಾಡಬೇಕಾದ ಕೆಲಸಗಳ ಬಗ್ಗೆಯೇ ಇದೆ.

ದುಭಾಷಿಯ ಖರ್ಚು ಯಾರದು?

ಇದನ್ನು ಮೊದಲು ತಿಳಿದುಕೊಳ್ಳಿ, ಏಕೆಂದರೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಆಸ್ಟ್ರೇಲಿಯಾದಲ್ಲಿ ಕೇಂದ್ರ ಸರ್ಕಾರವೇ ಟಿಐಎಸ್ ನ್ಯಾಷನಲ್ ಎಂಬ ದೂರವಾಣಿ ದುಭಾಷಿ ಸೇವೆ ನಡೆಸುತ್ತದೆ. ಸಂಖ್ಯೆ 131 450, ದಿನದ 24 ಗಂಟೆಯೂ ಲಭ್ಯ, 150ಕ್ಕೂ ಹೆಚ್ಚು ಭಾಷೆಗಳಿವೆ. ಸ್ವೀಡನ್ನಿನ 2017ರ ಆಡಳಿತ ಕಾಯ್ದೆಯ ಪ್ರಕಾರ, ಸ್ವೀಡಿಷ್ ಬಾರದವರೊಂದಿಗೆ ವ್ಯವಹರಿಸುವಾಗ ಅಗತ್ಯವಿದ್ದರೆ ಕಚೇರಿಯೇ ದುಭಾಷಿಯನ್ನು ಕರೆಸಬೇಕು. ಜರ್ಮನಿಯಲ್ಲಿ ಆಡಳಿತದ ಭಾಷೆ ಜರ್ಮನ್ ಎಂದು ಕಾನೂನೇ ಹೇಳುವುದರಿಂದ, ಸಾಮಾನ್ಯ ಕಚೇರಿ ಕೆಲಸಕ್ಕೆ ದುಭಾಷಿಯನ್ನೂ ಅನುವಾದವನ್ನೂ ಅರ್ಜಿದಾರರೇ ಹೊಂದಿಸಿಕೊಳ್ಳಬೇಕಾಗುವುದು ಹೆಚ್ಚು. ಡೆನ್ಮಾರ್ಕಿನಲ್ಲಿ 2018ರ ಜುಲೈಯಿಂದ, ಮೂರು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದವರು ವೈದ್ಯಕೀಯ ಭೇಟಿಯ ದುಭಾಷಿಗೆ ಸಾಮಾನ್ಯವಾಗಿ ತಾವೇ ಶುಲ್ಕ ಕೊಡಬೇಕು.

ಅಮೆರಿಕದ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದ ಪ್ರಕಾರ, ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಮೂಲ ದೇಶದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಆಸ್ಪತ್ರೆ, ಶಾಲೆ, ನೆರವಿನ ಕಚೇರಿಗಳು ಭಾಷಾ ಸಹಾಯ ಕೊಡಬೇಕೆಂಬ ಹೊಣೆ ಇದರಿಂದ ಬಂದದ್ದು. ಅದನ್ನು ವಿವರಿಸಿ 2000ದಲ್ಲಿ ಹೊರಡಿಸಿದ್ದ ಅಧ್ಯಕ್ಷೀಯ ಆದೇಶ 13166ನ್ನು 2025ರ ಮಾರ್ಚ್‌ನಲ್ಲಿ ರದ್ದು ಮಾಡಲಾಯಿತು, ಆದರೆ ಕಾಯ್ದೆ ಹಾಗೇ ಇದೆ. ಅಂದರೆ ಕಚೇರಿಯವರು ತಾವಾಗಿ ಮುಂದೆ ಬಂದು ಕೊಡಲಿ ಎಂದು ಕಾಯದೆ, ನೀವೇ ಕೇಳಬೇಕು.

ಯಾವ ದೇಶದಲ್ಲಿದ್ದರೂ ಕಚೇರಿಗೆ ಎರಡು ಪ್ರಶ್ನೆ ಹಾಕಿ: "ದುಭಾಷಿಯನ್ನು ನೀವು ಒದಗಿಸುತ್ತೀರಾ? ಅದಕ್ಕೆ ನಾನು ಹಣ ಕೊಡಬೇಕೇ?" ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಉಚಿತ ಎಂದು ಗೊತ್ತಿಲ್ಲದೆ ಕೈಯಿಂದ ಹಣ ತೆತ್ತವರೂ ಇದ್ದಾರೆ, ಉಚಿತ ಎಂದು ನಂಬಿ ಆಮೇಲೆ ಬಿಲ್ ನೋಡಿದವರೂ ಇದ್ದಾರೆ.

ಭಾಷೆಯ ಹೆಸರು ಕಡತಕ್ಕೆ ಸೇರಲಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ನಿಮ್ಮ ದಾಖಲೆಯಲ್ಲಿ "ದುಭಾಷಿ ಬೇಕು, ಭಾಷೆ ಇಂಥದ್ದು" ಎಂದು ಒಮ್ಮೆ ನಮೂದಾದರೆ ಮುಂದಿನ ಭೇಟಿಗಳಲ್ಲಿ ಸಿಬ್ಬಂದಿಗೆ ಅದು ಮೊದಲೇ ಕಾಣುತ್ತದೆ.

ಕನ್ನಡಿಗರು ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು, ಫೋನಿನಲ್ಲಿ ಭಾಷೆಯ ಹೆಸರು ಹೇಳಿದಾಗ ಅದು ಕೆನಡಾ ದೇಶದ ಹೆಸರಿನಂತೆ ಕೇಳಿಸುತ್ತದೆ. ಆಚೆ ಬದಿಯವರು ಇಂಗ್ಲಿಷ್ ಅಥವಾ ಫ್ರೆಂಚ್ ಎಂದು ಬರೆದುಕೊಂಡರೂ ಆಶ್ಚರ್ಯವಿಲ್ಲ. ಆದ್ದರಿಂದ ಹೆಸರಿನ ಜತೆಗೇ ಕೆ, ಎ, ಎನ್, ಎನ್, ಎ, ಡಿ, ಎ ಎಂದು ಅಕ್ಷರ ಬಿಡಿಸಿ ಹೇಳಿ, "ದಕ್ಷಿಣ ಭಾರತದ ಭಾಷೆ" ಎಂದು ಸೇರಿಸಿ. ಅಂತರರಾಷ್ಟ್ರೀಯ ಭಾಷಾ ಸಂಕೇತ ಪಟ್ಟಿಯಲ್ಲಿ ಕನ್ನಡಕ್ಕೆ "ಕೆಎನ್" ಎಂಬ ಎರಡಕ್ಷರದ ಸಂಕೇತವೂ "ಕೆಎಎನ್" ಎಂಬ ಮೂರಕ್ಷರದ ಸಂಕೇತವೂ ಇವೆ. ಆನ್‌ಲೈನ್ ಅರ್ಜಿಯಲ್ಲಿ ಪೂರ್ತಿ ಹೆಸರು ಸಿಗದಿದ್ದರೆ ಇವನ್ನು ಹುಡುಕಿ ನೋಡಿ.

ಎರಡನೆಯದು, "ಇಂಡಿಯನ್" ಎಂದು ಹೇಳಿದ ಕೂಡಲೇ ಹಿಂದಿ ಎಂದು ಗುರುತು ಹಾಕಿಬಿಡುವುದು. ಹಿಂದಿ ಸಿನಿಮಾ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ ಒಪ್ಪಿಕೊಳ್ಳಬೇಡಿ. ಎದೆನೋವಿನ ಬಗೆ, ಔಷಧದ ಅಲರ್ಜಿ, ಆದಾಯದ ಘೋಷಣೆ ಇವನ್ನೆಲ್ಲ ನೀವು ಆ ಭಾಷೆಯಲ್ಲಿ ಸರಾಗವಾಗಿ ಹೇಳಬಲ್ಲಿರಾದರೆ ಮಾತ್ರ ಸರಿ. ನಿಮ್ಮ ಭಾಷೆಯ ದುಭಾಷಿ ಆ ದಿನ ಸಿಗಲೇ ಇಲ್ಲ ಎಂದಾದರೆ, ನಿಜವಾಗಿ ಚೆನ್ನಾಗಿ ಬರುವ ಎರಡನೇ ಭಾಷೆ ಯಾವುದೆಂದು ಮೊದಲೇ ಬರೆಸಿಡಿ.

ಕರೆಯಲ್ಲಾಗಲಿ ಇಮೇಲ್‌ನಲ್ಲಾಗಲಿ ಹೇಳಬೇಕಾದ್ದು ಇಷ್ಟು:

1. ನಿಮ್ಮ ಹೆಸರು, ಜನ್ಮದಿನಾಂಕ, ಕಡತದ ಸಂಖ್ಯೆ.
2. ಬೇಕಾದ ಭಾಷೆ. ಪ್ರಾದೇಶಿಕ ರೂಪ ತೀರಾ ಬೇರೆಯಾಗಿದ್ದರೆ ಅದೂ.
3. ದುಭಾಷಿ ಎದುರಿಗೆ ಬರಬೇಕೋ, ಫೋನ್ ಅಥವಾ ವಿಡಿಯೊ ಸಾಕೋ. ಕಿವಿ ಮಂದವಿದ್ದವರಿಗೆ ಫೋನ್ ದುಭಾಷಿ ಉಪಯೋಗಕ್ಕೆ ಬರುವುದಿಲ್ಲ.
4. ಖಾಸಗಿ ವಿಷಯವಿದ್ದರೆ, ಮಹಿಳೆ ಬೇಕೋ ಪುರುಷ ಬೇಕೋ.
5. ಎರಡರಷ್ಟು ಸಮಯ ಕೊಡಿ ಎಂಬ ಕೋರಿಕೆ.

ಕೊನೆಯದನ್ನು ಬಿಡಲೇಬೇಡಿ. ನೀವು ಹೇಳಿದ್ದನ್ನು ದುಭಾಷಿ ಮತ್ತೊಮ್ಮೆ ಹೇಳಬೇಕು, ಅಧಿಕಾರಿ ಹೇಳಿದ್ದನ್ನೂ ಹಾಗೇ. 20 ನಿಮಿಷದ ಭೇಟಿಯಲ್ಲಿ ನಿಮಗೆ ದಕ್ಕುವುದು ಹತ್ತೇ ನಿಮಿಷ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಮಾರ್ಗಸೂಚಿಯೂ ದುಭಾಷಿ ಇರುವ ಭೇಟಿಗೆ ಹೆಚ್ಚು ಸಮಯ, ಸಾಮಾನ್ಯವಾಗಿ ಎರಡು ಪಟ್ಟು, ಕೊಡಬೇಕೆನ್ನುತ್ತದೆ. ಹೆಚ್ಚು ಜನ ಮಾತಾಡದ ಭಾಷೆಗೆ ದುಭಾಷಿ ಹೊಂದಿಸಲು ದಿನಗಳು ಹಿಡಿಯುತ್ತವೆ. ಅಪಾಯಿಂಟ್‌ಮೆಂಟ್ ಗೊತ್ತಾದ ದಿನವೇ ಕೇಳಿ, ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ.

ಒಂದು ಗಟ್ಟಿ ಕಾರ್ಡಿನ ಮೇಲೆ ಸ್ಥಳೀಯ ಭಾಷೆಯಲ್ಲಿ "ನಾನು ಕನ್ನಡ ಮಾತಾಡುತ್ತೇನೆ, ದಯವಿಟ್ಟು ದುಭಾಷಿಯನ್ನು ಕರೆಸಿ" ಎಂದು ಬರೆಸಿ ಪರ್ಸಿನಲ್ಲಿಡಿ. ಕೆಲವು ಕಚೇರಿಗಳ ಕೌಂಟರಿನಲ್ಲಿ ಬೆರಳಿಟ್ಟು ತೋರಿಸಲು ಭಾಷೆಗಳ ಪಟ್ಟಿ ಇರುತ್ತದೆ. ಆದರೆ ಅದರಲ್ಲಿ ಎಲ್ಲ ಭಾಷೆಗಳೂ ಇರುವುದಿಲ್ಲ, ಆದ್ದರಿಂದ ಸ್ವಂತ ಕಾರ್ಡ್ ಇರಲೇಬೇಕು.

ದುಭಾಷಿಯ ಜತೆ ಕೂತಾಗ

ಮೊದಲ ನಿಮಿಷವನ್ನು ಭಾಷೆ ಹೊಂದುತ್ತದೆಯೇ ಎಂದು ನೋಡಲು ಇಟ್ಟುಕೊಳ್ಳಿ. ಎರಡು ಮಾತು ಆಡಿ, ಪರಸ್ಪರ ಅರ್ಥವಾಗುತ್ತಿದೆಯೇ ಪರೀಕ್ಷಿಸಿ. ಆಗದಿದ್ದರೆ ಆಗಲೇ ಹೇಳಿ, ಅರ್ಧ ಗಂಟೆ ಕಳೆದ ಮೇಲೆ ಹೇಳುವುದು ಎಲ್ಲರಿಗೂ ಕಷ್ಟ. ಫೋನ್ ದುಭಾಷಿಗಳಿಗೆ ಸಾಮಾನ್ಯವಾಗಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನೂ ದಿನಾಂಕ, ಸಮಯವನ್ನೂ ಬರೆದುಕೊಳ್ಳಿ. ಕರೆ ಕಡಿದರೆ ಅದೇ ವ್ಯಕ್ತಿಯನ್ನು ಕೇಳಬಹುದು, ಮುಂದೆ ತಕರಾರು ಬಂದರೆ ಅದೇ ಪುರಾವೆ.

ಮಾತಾಡುವಾಗ ಅಧಿಕಾರಿಯನ್ನೋ ವೈದ್ಯರನ್ನೋ ನೋಡಿಕೊಂಡು, "ನನಗೆ" ಎಂದೇ ಹೇಳಿ. "ಅವರಿಗೆ ಹೇಳಿ, ನನಗೆ ನೋವಿದೆ ಅಂತ" ಎಂದು ಸುತ್ತಿ ಹೇಳಿದರೆ ಯಾರ ಮಾತು ಯಾರದೆಂದು ಗೊಂದಲವಾಗುತ್ತದೆ. ಎರಡು ವಾಕ್ಯ ಹೇಳಿ ನಿಲ್ಲಿಸಿ. ಐದಾರು ವಾಕ್ಯ ಒಟ್ಟಿಗೆ ಹೇಳಿದರೆ ಮೊದಲು ಬಿದ್ದುಹೋಗುವುದು ಸಂಖ್ಯೆ, ದಿನಾಂಕ ಮತ್ತು "ಇಲ್ಲ" ಎಂಬ ಮಾತು. ಸಂಖ್ಯೆ, ಹೆಸರು, ವಿಳಾಸಗಳನ್ನು ಕಾಗದದ ಮೇಲೆ ಬರೆದು ತೋರಿಸಿ.

ಕನ್ನಡದಲ್ಲಿ ನಾವು ಕರ್ತೃಪದವನ್ನು ಬಿಟ್ಟು ಮಾತಾಡುವುದೇ ಹೆಚ್ಚು. "ಹೋದ ತಿಂಗಳು ಕೆಲಸ ಬಿಡಬೇಕಾಯಿತು" ಎಂದರೆ ಬಿಟ್ಟದ್ದು ನೀವೋ ನಿಮ್ಮ ಪತಿಯೋ ಎಂಬುದು ದುಭಾಷಿಗೆ ತಿಳಿಯದು. ಅವರು ಊಹಿಸಿ ಹೇಳಿದರೆ ಅದೇ ಕಡತಕ್ಕೆ ಹೋಗುತ್ತದೆ. ಯಾರು, ಯಾರಿಗೆ, ಯಾವಾಗ ಎಂಬುದನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಿ. ತಲೆಯಾಡಿಸುವುದನ್ನೂ ನಂಬಬೇಡಿ. ನೋಡಿದವರು ಅದನ್ನು ಹೌದು ಎಂದೂ ಇಲ್ಲ ಎಂದೂ ಓದಬಹುದು, ಫೋನಿನಲ್ಲಂತೂ ಕಾಣುವುದೇ ಇಲ್ಲ.

ಈ ಮೂರರಲ್ಲಿ ಯಾವುದು ಕಂಡರೂ ಮಾತು ನಿಲ್ಲಿಸಿ, "ದಯವಿಟ್ಟು ಈಗ ಹೇಳಿದ್ದನ್ನು ಪೂರ್ತಿ ಹೇಳಿ" ಎನ್ನಿ: ನಿಮ್ಮ ಉದ್ದದ ಉತ್ತರ ನಾಲ್ಕು ಪದದಲ್ಲಿ ಮುಗಿದುಹೋಗುವುದು, ದುಭಾಷಿ ಮತ್ತು ಅಧಿಕಾರಿ ತಮ್ಮ ತಮ್ಮಲ್ಲೇ ಮಾತಿಗಿಳಿಯುವುದು, ನಿಮ್ಮನ್ನು ಕೇಳದೆ ದುಭಾಷಿಯೇ ಉತ್ತರ ಕೊಡುವುದು. ದುಭಾಷಿಯ ಕೆಲಸ ಮಾತನ್ನು ದಾಟಿಸುವುದಷ್ಟೇ. ಯಾವ ಯೋಜನೆಗೆ ಅರ್ಜಿ ಹಾಕಲಿ ಎಂದು ಅವರ ಸಲಹೆ ಕೇಳಬೇಡಿ.

ಹೊರಡುವ ಮುಂಚೆ ತಿಳಿದುಕೊಂಡದ್ದನ್ನೆಲ್ಲ ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ: "ನಾನು ಮುಂದಿನ ತಿಂಗಳ ಐದರೊಳಗೆ ಬಾಡಿಗೆ ಕರಾರಿನ ಪ್ರತಿ ಕಳಿಸಬೇಕು, ಅಲ್ಲಿಯವರೆಗೆ ಹಣ ನಿಲ್ಲುವುದಿಲ್ಲ, ಸರಿಯೇ?" ತಪ್ಪು ತಿಳಿವಳಿಕೆ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

ಮಕ್ಕಳನ್ನು ದುಭಾಷಿ ಮಾಡಬೇಡಿ

ಶಾಲೆಗೆ ಹೋಗುವ ಮಗ, ಮಗಳು ಎಷ್ಟೇ ಚೆನ್ನಾಗಿ ಮಾತಾಡಿದರೂ ತಾಯಿಯ ಗೆಡ್ಡೆಯ ಫಲಿತಾಂಶವನ್ನು ಅವರ ಬಾಯಿಂದ ಹೇಳಿಸುವುದು ಸಲ್ಲದು. ಮಗುವಿಗೆ ವೈದ್ಯಕೀಯ ಮಾತುಗಳು ಗೊತ್ತಿರುವುದಿಲ್ಲ, ಹೆದರಿದ ಮಗು ಕೆಟ್ಟ ಸುದ್ದಿಯನ್ನು ತಿಳಿಗೊಳಿಸಿ ಹೇಳುತ್ತದೆ, ತಾಯಿಯೂ ಮಗುವಿನ ಮುಂದೆ ಎಲ್ಲ ಹೇಳಿಕೊಳ್ಳುವುದಿಲ್ಲ. ಅಮೆರಿಕದ ಆರೋಗ್ಯ ಸೇವೆಯ ನಿಯಮಗಳು ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿ ಬಳಸುವುದನ್ನು ನಿಷೇಧಿಸುತ್ತವೆ. ಗಂಡ, ಹೆಂಡತಿ, ನೆರೆಯವರು ಸಣ್ಣಪುಟ್ಟ ಕೆಲಸಕ್ಕೆ ಆಗಬಹುದು. ಆದರೆ ಮನೆಯೊಳಗಿನ ಹಿಂಸೆ, ಗರ್ಭ, ಮಾನಸಿಕ ಆರೋಗ್ಯ, ಕಾನೂನು ವಿಷಯಗಳಿಗೆ ಹೊರಗಿನ ವೃತ್ತಿಪರ ದುಭಾಷಿಯೇ ಬೇಕು. ಮನೆಯವರನ್ನು ಜತೆಗೆ ಧೈರ್ಯಕ್ಕೆ ಕೂರಿಸಿಕೊಳ್ಳಿ, ಮಾತು ದಾಟಿಸಲು ಬೇಡ.

ಆಸ್ಪತ್ರೆಯಲ್ಲಿ ಹೆಸರು, ಅಂಕಿಗಳು

ಔಷಧದ ಬ್ರ್ಯಾಂಡ್ ಹೆಸರು ಹೇಳಿದರೆ ಬೇರೆ ದೇಶದ ವೈದ್ಯರಿಗೆ ತಿಳಿಯುವ ಖಾತ್ರಿ ಇಲ್ಲ. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ರಾಸಾಯನಿಕದ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಬರೆದುಕೊಳ್ಳಿ. ಆ ಹೆಸರೂ ಕೆಲವೊಮ್ಮೆ ಬದಲಾಗುತ್ತದೆ: ಪ್ಯಾರಾಸಿಟಮಾಲ್‌ಗೆ ಅಮೆರಿಕ, ಕೆನಡಾಗಳಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ, ಉಸಿರಾಟದ ತೊಂದರೆಗೆ ಕೊಡುವ ಸಾಲ್ಬುಟಮಾಲ್‌ಗೆ ಅಮೆರಿಕದಲ್ಲಿ ಆಲ್ಬ್ಯುಟೆರಾಲ್. ಇದು ಗೊತ್ತಿಲ್ಲದೆ ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಕೊಂಡು, ಬೇರೆ ಬೇರೆ ಔಷಧವೆಂದು ಒಟ್ಟಿಗೆ ನುಂಗಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ರಕ್ತದ ಸಕ್ಕರೆಯನ್ನು ಭಾರತ, ಅಮೆರಿಕಗಳಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಅಳೆಯುತ್ತಾರೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಮಿಲಿಮೋಲ್. ಮೊದಲನೆಯದನ್ನು 18ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ, ಅಂದರೆ 126 ಎಂಬುದು 7 ಆಗುತ್ತದೆ. "ಸಕ್ಕರೆ ಏಳು" ಎಂದು ಕೇಳಿ ಗಾಬರಿಯಾಗುವ ಮುಂಚೆ ಅಳತೆ ಯಾವುದೆಂದು ಕೇಳಿ. ಸಿರಪ್ ಅನ್ನು ಚಮಚದ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ, ಮಿಲಿಲೀಟರ್‌ನಲ್ಲಿ ಬರೆಸಿಕೊಂಡು ಅಳತೆಯ ಸಿರಿಂಜ್ ಕೇಳಿ ಪಡೆಯಿರಿ. ದಿನಾಂಕದಲ್ಲೂ ಎಚ್ಚರ ಬೇಕು. 03/04 ಎಂಬುದು ಅಮೆರಿಕದಲ್ಲಿ ಮಾರ್ಚ್ ನಾಲ್ಕು, ಇನ್ನೂ ಹಲವು ದೇಶಗಳಲ್ಲಿ ಏಪ್ರಿಲ್ ಮೂರು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಸಿ.

ಪತ್ರಗಳು: ಹೆಚ್ಚು ನಷ್ಟವಾಗುವ ಜಾಗ

ಮಾತಿಗೆ ದುಭಾಷಿ ಸಿಗುತ್ತಾರೆ, ಅಂಚೆಯಲ್ಲಿ ಬಂದ ಕಾಗದ ಮಾತ್ರ ಅರ್ಥವಾಗದೆ ಮೇಜಿನ ಮೇಲೆ ಉಳಿಯುತ್ತದೆ. ಸೌಲಭ್ಯ ನಿಂತುಹೋಗುವುದು, ದಂಡ ಬೀಳುವುದು ಹೆಚ್ಚಾಗಿ ಹೀಗೆಯೇ. ಭಾಷೆ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ ಎಂದೇ ತಿಳಿಯಿರಿ. ಜರ್ಮನಿಯಲ್ಲಿ ಸರ್ಕಾರಿ ನಿರ್ಧಾರಕ್ಕೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಒಂದು ತಿಂಗಳು. ಅಮೆರಿಕದ ಸಾಮಾಜಿಕ ಭದ್ರತೆಯ ನಿರ್ಧಾರಕ್ಕೆ ಮೇಲ್ಮನವಿಗೆ, ನೋಟಿಸ್ ಕೈಸೇರಿದ ಮೇಲೆ 60 ದಿನ.

ಪತ್ರ ಬಂದ ದಿನವೇ ಒಡೆದು, ಲಕೋಟೆಯ ಮೇಲೆ ಬಂದ ದಿನಾಂಕ ಬರೆಯಿರಿ. ಲಕೋಟೆಯನ್ನು ಎಸೆಯಬೇಡಿ, ಅಂಚೆ ಮುದ್ರೆ ಬೇಕಾಗಬಹುದು. ಇಡೀ ಪತ್ರವನ್ನು ಓದಲು ಹೋಗದೆ ಐದು ವಿಷಯ ಹುಡುಕಿ ಸುತ್ತುಹಾಕಿ: ಯಾರು ಕಳಿಸಿದ್ದು, ಉಲ್ಲೇಖ ಸಂಖ್ಯೆ, ಪತ್ರದ ದಿನಾಂಕ, ಗಡುವಿನ ದಿನಾಂಕ, ನಿಮ್ಮಿಂದ ಕೇಳುತ್ತಿರುವುದು ಏನು. "ಗಡುವು", "ತಿರಸ್ಕಾರ", "ಮೇಲ್ಮನವಿ", "ದಂಡ", "ವಿಚಾರಣೆ" ಎಂಬ ಐದು ಪದಗಳಿಗೆ ಸ್ಥಳೀಯ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಬರೆದು ಬಾಗಿಲ ಹತ್ತಿರ ಅಂಟಿಸಿಡಿ. ಇವುಗಳಲ್ಲಿ ಒಂದು ಕಂಡರೂ ಆ ಪತ್ರ ನಾಳೆಗೆ ಬಿಡುವಂಥದ್ದಲ್ಲ.

ಆಮೇಲೆ ಫೋನಿನ ಅನುವಾದದಲ್ಲಿ ಸಾರಾಂಶ ನೋಡಿ, ಕಚೇರಿಗೆ ಕರೆಮಾಡಿ ದುಭಾಷಿಯ ಮೂಲಕ ಖಚಿತಪಡಿಸಿಕೊಳ್ಳಿ. ಗಡುವು ಹತ್ತಿರವಿದ್ದು ಪೂರ್ತಿ ಉತ್ತರ ಸಿದ್ಧವಿಲ್ಲದಿದ್ದರೆ, "ಈ ದಿನಾಂಕದ, ಈ ಸಂಖ್ಯೆಯ ನಿರ್ಧಾರವನ್ನು ನಾನು ಒಪ್ಪುವುದಿಲ್ಲ. ಕಾರಣಗಳನ್ನು ಮುಂದೆ ಕಳಿಸುತ್ತೇನೆ" ಎಂದು ಎರಡು ಸಾಲು ಬರೆದು, ಸಹಿ ಹಾಕಿ, ತಲುಪಿದ್ದಕ್ಕೆ ರಸೀದಿ ಸಿಗುವಂತೆ ಕಳಿಸಿ. ಬಹಳ ಕಡೆ ಮೊದಲು ಆಕ್ಷೇಪಣೆ ಸಲ್ಲಿಸಿ, ಕಾರಣ ನಂತರ ಕೊಡಲು ಅವಕಾಶವಿದೆ. ಗಡುವು ದಾಟಿದ ಮೇಲೆ ಎಷ್ಟೇ ಚೆನ್ನಾಗಿ ಬರೆದರೂ ಪ್ರಯೋಜನ ಕಡಿಮೆ.

ಯಂತ್ರಾನುವಾದವನ್ನು ಪತ್ರ ಯಾವುದರ ಬಗ್ಗೆ ಎಂದು ತಿಳಿಯಲು ಬಳಸಿ, ನಿರ್ಧಾರ ಮಾಡಲು ಬೇಡ. ಅದು ಹೆಚ್ಚು ತಪ್ಪುವುದು ನಿಷೇಧಾರ್ಥದಲ್ಲಿ, "ಹೊರತು", "ಇಲ್ಲದಿದ್ದರೆ" ಎಂಬಂಥ ಷರತ್ತುಗಳಲ್ಲಿ, ಕಾನೂನಿನ ಪದಗಳಲ್ಲಿ. ನೀವೇ ಬರೆಯುವಾಗ ಒಂದು ವಾಕ್ಯಕ್ಕೆ ಒಂದೇ ಸಂಗತಿ ಇಟ್ಟು, ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಅರ್ಥ ಬದಲಾಗಿದ್ದರೆ ಮೂಲ ವಾಕ್ಯವನ್ನೇ ಸರಳ ಮಾಡಿ. ಇಂಟರ್ನೆಟ್ ಇಲ್ಲದಾಗಲೂ ನಡೆಯುವಂತೆ ಭಾಷಾ ಪ್ಯಾಕ್ ಇಳಿಸಿಕೊಂಡಿರಿ. ಪಾಸ್‌ಪೋರ್ಟ್ ಸಂಖ್ಯೆ, ಬ್ಯಾಂಕ್ ವಿವರಗಳನ್ನು ಅನುವಾದದ ಪೆಟ್ಟಿಗೆಗೆ ಹಾಕಬೇಡಿ. ಅಮೆರಿಕದ 2024ರ ಆರೋಗ್ಯ ನಿಯಮದ ಪ್ರಕಾರ, ಮುಖ್ಯವಾದ ಬರಹವನ್ನು ಯಂತ್ರ ಅನುವಾದಿಸಿದ್ದರೆ ಅರ್ಹ ಅನುವಾದಕರು ಅದನ್ನು ಪರಿಶೀಲಿಸಲೇಬೇಕು. ಆಸ್ಪತ್ರೆಗಳಿಗೇ ಅಷ್ಟು ಎಚ್ಚರ ಬೇಕಾದರೆ ಮನೆಯಲ್ಲೂ ಬೇಕು.

ದಾಖಲೆಗಳ ಅನುವಾದ

ಜನನ, ಮದುವೆ ಪ್ರಮಾಣಪತ್ರಗಳ ಅನುವಾದ ತಿರಸ್ಕಾರವಾಗಲು ಕಾರಣಗಳು ಕೆಲವೇ: ಹಿಂಬದಿಯ ಮುದ್ರೆ, ಷರಾ, ಕೈಬರಹದ ಟಿಪ್ಪಣಿ ಬಿಟ್ಟಿರುವುದು, ಹೆಸರಿನ ಕಾಗುಣಿತ ಪಾಸ್‌ಪೋರ್ಟಿಗೆ ಹೊಂದದಿರುವುದು, ಅನುವಾದಕರಿಗೆ ಬೇಕಾದ ಮಾನ್ಯತೆ ಇಲ್ಲದಿರುವುದು. ಅಮೆರಿಕದ ವಲಸೆ ಇಲಾಖೆಗೆ, ಅನುವಾದ ಸಂಪೂರ್ಣ ಮತ್ತು ನಿಖರವಾಗಿದೆ, ಅನುವಾದಿಸಲು ತಾನು ಸಮರ್ಥ ಎಂದು ಅನುವಾದಕರು ಬರೆದುಕೊಟ್ಟರೆ ಸಾಕು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ಅನುವಾದಕರಿಗೆ, ದುಭಾಷಿಗಳಿಗೆ ಮಾನ್ಯತೆ ಕೊಡುವ ನಾಟಿ (NAATI) ಸಂಸ್ಥೆಯ ಮಾನ್ಯತೆ ಇರುವವರು, ಜರ್ಮನಿಯಲ್ಲಿ ನ್ಯಾಯಾಲಯದ ಪ್ರಮಾಣ ಪಡೆದವರು ಬೇಕು. ಆಸ್ಟ್ರೇಲಿಯಾ ಅರ್ಹ ವೀಸಾದವರಿಗೆ ವೀಸಾ ಸಿಕ್ಕ ಮೊದಲ ಎರಡು ವರ್ಷದಲ್ಲಿ 10 ದಾಖಲೆಗಳವರೆಗೆ ಉಚಿತವಾಗಿ ಇಂಗ್ಲಿಷಿಗೆ ಅನುವಾದಿಸಿಕೊಡುತ್ತದೆ. ಹಣ ಕೊಟ್ಟು ಮಾಡಿಸುವ ಮುಂಚೆ ನಿಮ್ಮ ದೇಶದಲ್ಲೂ ಇಂಥದ್ದು ಇದೆಯೇ ವಿಚಾರಿಸಿ. ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಗಳಿಗೆ ದೃಢಪಡಿಸುವ ಸರ್ಕಾರಿ ಮುದ್ರೆ) ಬೇಕಿದ್ದರೆ ಅದನ್ನು ಮೂಲ ದಾಖಲೆಗೆ ಮೊದಲು ಹಾಕಿಸಿ, ಆಮೇಲೆ ಅನುವಾದ ಮಾಡಿಸಿ. ಇಲ್ಲವಾದರೆ ಮುದ್ರೆಯ ಭಾಗದ ಅನುವಾದವಿಲ್ಲವೆಂದು ಮತ್ತೆ ಅಲೆಯಬೇಕಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಕೊನೆಯ ಹೆಸರು, ಮೊದಲ ಹೆಸರು ಎಂದು ಒಡೆಯಲಾಗದ ಹೆಸರು ನಿಮ್ಮದಾದರೆ, ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಚೇರಿಯಲ್ಲೂ ಬರೆಸಿ. ಒಂದು ಕಡೆ ತಂದೆಯ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ ಬಂದರೆ ಗಣಕಯಂತ್ರ ನಿಮ್ಮನ್ನು ಇಬ್ಬರು ಎಂದು ಎಣಿಸುತ್ತದೆ.

ಶಾಲೆಯಲ್ಲಿ

ಸೇರಿಸುವಾಗ "ಮನೆಯಲ್ಲಿ ಆಡುವ ಭಾಷೆ ಯಾವುದು" ಎಂದು ಕೇಳುತ್ತಾರೆ. ಮಗುವನ್ನು ಹಿಂದಿನ ತರಗತಿಗೆ ಹಾಕಿಬಿಟ್ಟಾರು ಎಂಬ ಅಂಜಿಕೆಯಿಂದ ಅನೇಕ ಪೋಷಕರು ಸ್ಥಳೀಯ ಭಾಷೆಯನ್ನೇ ಬರೆಯುತ್ತಾರೆ. ಹಾಗೆ ಮಾಡಿದರೆ ಮಗುವಿಗೆ ಸಿಗಬೇಕಾದ ಭಾಷಾ ಬೆಂಬಲವೂ ನಿಮಗೆ ಸಿಗಬೇಕಾದ ದುಭಾಷಿಯೂ ಕೈತಪ್ಪುತ್ತದೆ. ನಿಜ ಬರೆಯಿರಿ. ಮಗುವಿಗೆ ಭಾಷೆ ಬಂದಿದ್ದರೂ "ಪೋಷಕರಿಗೆ ದುಭಾಷಿ ಬೇಕು" ಎಂದು ಪ್ರತ್ಯೇಕವಾಗಿ ನಮೂದಿಸಿ. ಭಾಷೆ ಅರ್ಥವಾಗದ ಮಕ್ಕಳಿಗೆ ಎಲ್ಲರಿಗೂ ಕೊಡುವ ಅದೇ ಪುಸ್ತಕ ಕೊಟ್ಟರೆ ಅದು ಸಮಾನತೆಯಾಗುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1974ರ ಲಾ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲೇ ಹೇಳಿದೆ.

ತುರ್ತು ಕರೆ

ಸಂಖ್ಯೆಗಳು: ಯುರೋಪಿಯನ್ ಒಕ್ಕೂಟದಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ನಿನಲ್ಲಿ 999 ಅಥವಾ 112, ಆಸ್ಟ್ರೇಲಿಯಾದಲ್ಲಿ 000. ಸ್ಥಳೀಯ ಭಾಷೆಯಲ್ಲಿ ನಾಲ್ಕೇ ಸಂಗತಿ ಬಾಯಿಪಾಠವಿರಲಿ: ಬೇಕಾದ ಸೇವೆ (ಆಂಬ್ಯುಲೆನ್ಸ್, ಪೊಲೀಸ್, ಅಗ್ನಿಶಾಮಕ), ವಿಳಾಸ, ಫೋನ್ ಸಂಖ್ಯೆ, ನಿಮ್ಮ ಭಾಷೆಯ ಹೆಸರು. ಇದೇ ಕ್ರಮದಲ್ಲಿ ಹೇಳಿ, ಏಕೆಂದರೆ ಕರೆ ಕಡಿದರೂ ಸೇವೆ ಮತ್ತು ವಿಳಾಸ ತಲುಪಿರುತ್ತವೆ. ದುಭಾಷಿಯನ್ನು ಜೋಡಿಸುವಾಗ ಸದ್ದಿಲ್ಲದಂತೆ ಅನ್ನಿಸಿದರೂ ಫೋನ್ ಇಡಬೇಡಿ. ಮನೆಯ ಹಿರಿಯರಿಗೂ ಮಕ್ಕಳಿಗೂ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ.

ಪೊಲೀಸ್, ನ್ಯಾಯಾಲಯ, ಸಹಿ

ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಒತ್ತಾಯವಿದ್ದರೆ ದುಭಾಷಿಯಿಂದ ಪೂರ್ತಿ ಓದಿಸಿ, ಅವರ ಸಂಖ್ಯೆಯನ್ನು ಸಹಿಯ ಪಕ್ಕದಲ್ಲೇ ಬರೆಯಿರಿ. ಕ್ರಿಮಿನಲ್ ಆರೋಪ ಎದುರಿಸುವವರಿಗೆ ನ್ಯಾಯಾಲಯದಲ್ಲಿ ಉಚಿತ ದುಭಾಷಿಯ ಹಕ್ಕನ್ನು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 14ನೇ ವಿಧಿ ಕೊಡುತ್ತದೆ. ಯುರೋಪಿಯನ್ ಒಕ್ಕೂಟದ 2010ರ ನಿರ್ದೇಶನ ಅದನ್ನು ಪೊಲೀಸ್ ವಿಚಾರಣೆಯ ಹಂತಕ್ಕೂ ವಿಸ್ತರಿಸಿದೆ. ಬಂಧನವಾದರೆ ನಿಮ್ಮ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. "ದುಭಾಷಿ ಬೇಕು" ಎಂಬುದನ್ನು ಮೊದಲ ಮಾತಾಗಿಯೇ ಹೇಳಿ. ಅರೆಬರೆ ಭಾಷೆಯಲ್ಲಿ ಉತ್ತರಿಸುತ್ತಾ ಹೋದರೆ, ನಿಮಗೆ ಭಾಷೆ ಬರುತ್ತದೆ ಎಂದೇ ದಾಖಲಾಗುತ್ತದೆ.

ದುಭಾಷಿ ಕೊಡುವುದಿಲ್ಲ ಎಂದರೆ

ವಾದಕ್ಕಿಳಿಯದೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೇಲ್ವಿಚಾರಕರನ್ನು ಕೇಳಿ, ಎಷ್ಟೋ ಸಲ ಕೌಂಟರಿನವರಿಗೆ ಫೋನ್ ದುಭಾಷಿ ಸೇವೆ ಇರುವುದೇ ಗೊತ್ತಿರುವುದಿಲ್ಲ. ಅವರೂ ಒಪ್ಪದಿದ್ದರೆ ನಿರಾಕರಣೆಯನ್ನು ಬರಹದಲ್ಲಿ ಕೊಡಿ ಎನ್ನಿ. ಕೊಡದಿದ್ದರೆ ದಿನಾಂಕ, ಸಮಯ, ಜಾಗ, ಮಾತಾಡಿದವರ ಹೆಸರು ಅಥವಾ ಹುದ್ದೆ, ಅವರು ಆಡಿದ ಮಾತು ಇಷ್ಟನ್ನೂ ಅಂದೇ ಬರೆದಿಡಿ. ಭೇಟಿ ಮುಂದೂಡಬಹುದಾದರೆ ಮುಂದೂಡಿ, ಆದರೆ "ಗೈರುಹಾಜರಿ" ಎಂದು ದಾಖಲಾಗದಂತೆ, ಮುಂದೂಡಲು ದುಭಾಷಿ ಇಲ್ಲದ್ದೇ ಕಾರಣ ಎಂದು ಬರೆಸಿಕೊಳ್ಳಿ.

ಆಮೇಲೆ ಆ ಸಂಸ್ಥೆಯ ದೂರು ವಿಭಾಗ, ಅಲ್ಲಿ ಆಗದಿದ್ದರೆ ಓಂಬುಡ್ಸ್‌ಮನ್ (ಜನರ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಅಧಿಕಾರಿ) ಅಥವಾ ಸಮಾನತೆ ನೋಡಿಕೊಳ್ಳುವ ಇಲಾಖೆ. ಅಮೆರಿಕದಲ್ಲಿ ಆಸ್ಪತ್ರೆಯ ಮೇಲಿನ ಇಂಥ ದೂರು ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ಹೋಗುತ್ತದೆ, ಸಾಮಾನ್ಯವಾಗಿ ಘಟನೆಯಾದ 180 ದಿನದೊಳಗೆ ಕೊಡಬೇಕು. ದೂರನ್ನು ನಿಮ್ಮ ಭಾಷೆಯಲ್ಲೇ ಬರೆಯಬಹುದೇ ಎಂದೂ ಕೇಳಿ, ಕೆಲವು ಕಚೇರಿಗಳು ಒಪ್ಪುತ್ತವೆ. ಒಂದು ಪುಟ ಸಾಕು: ಏನು ಕೇಳಿದಿರಿ, ಯಾವಾಗ ಕೇಳಿದಿರಿ, ಏನು ಉತ್ತರ ಬಂತು, ಅದರಿಂದ ಏನು ನಷ್ಟವಾಯಿತು, ಈಗ ಏನಾಗಬೇಕು. ಪ್ರತಿ ಇಟ್ಟುಕೊಂಡು ಕಳಿಸಿ. ಮನೆ ಬದಲಿಸಿ ಬೇರೆ ವೈದ್ಯರಿಗೋ ಬೇರೆ ಶಾಲೆಗೋ ಸೇರಿದರೆ ಭಾಷೆಯ ನಮೂದು ತಾನಾಗಿ ಜತೆಗೆ ಬರುವುದು ಖಚಿತವಿಲ್ಲ, ಅಲ್ಲಿ ಹೊಸದಾಗಿ ಬರೆಸಬೇಕು.